22 ಜನ, 8 ರೂಮು, 3 ರಾತ್ರಿ: ಬಹಾಮಾಸ್ ಕ್ರೂಸ್‌ಗೆ ಗುಂಪು ಕಟ್ಕೊಂಡು ಹೋಗೋದು ಹೇಗೆ

ಕ್ರೂಸ್ ಅಂದ ತಕ್ಷಣ ಎಲ್ರೂ ಹಡಗು ಯಾವುದು, ವಾಟರ್ ಸ್ಲೈಡ್ ಇದ್ಯಾ, ತಲೆಗೆ ಎಷ್ಟು ಬೀಳತ್ತೆ ಅಂತ ಶುರು ಮಾಡ್ಕೋತಾರೆ, ನಾನೂ ಅಲ್ಲಿಂದಾನೇ ಶುರು ಮಾಡಿದ್ದೆ, ಅದೇ ತಪ್ಪು. ನಾವಿರೋದು ಅಟ್ಲಾಂಟಾದಲ್ಲಿ. ನಮ್ಮನೆ ನಾಲ್ಕು ಜನ, ಮೈಸೂರಿಂದ ಬಂದಿದ್ದ ಅಪ್ಪ ಅಮ್ಮ, ಷಡ್ಡಕನ ಮನೆಯವರು ಮೂರು ಜನ, ನಮ್ಮಿಬ್ಬರಿಗೂ ಸೇರಿದ ಅತ್ತೆ ಮಾವ, ಮೇಲೆ ಫ್ರೆಂಡ್ಸ್ ಫ್ಯಾಮಿಲಿಗಳು, ಹೀಗೆ ಲೆಕ್ಕ 25ಕ್ಕೆ ಬಂದು ನಿಂತಿತ್ತು, ಹತ್ತೋ ಹೊತ್ತಿಗೆ 22 ಆಯ್ತು. ಮೂರು ಜನ ಯಾಕೆ ಬಿಟ್ಟುಹೋದ್ರು ಅನ್ನೋದನ್ನೇ ಮೊದಲು ಹೇಳ್ತೀನಿ, ಯಾಕಂದ್ರೆ ಗುಂಪಲ್ಲಿ ಹೋಗೋರು ಮೊದಲು ಮಾಡಬೇಕಾದ ಕೆಲಸಾನೇ ಅದು.

ಹೆಜ್ಜೆ 1: ಹಡಗು ನೋಡೋಕೆ ಮುಂಚೆ ಪಾಸ್‌ಪೋರ್ಟ್ ನೋಡಿ

ಎಲ್ರ ಪಾಸ್‌ಪೋರ್ಟ್, ವೀಸಾ ಪುಟ, ಐ-94 (ಅಮೆರಿಕದಲ್ಲಿ ಯಾವ ತಾರೀಖಿನವರೆಗೆ ಇರಬಹುದು ಅನ್ನೋ ದಾಖಲೆ) ಫೋಟೋ ತರಿಸಿಕೊಂಡು ಒಂದು ಶೀಟಲ್ಲಿ ಹಾಕಿ. ಯಾರಾದ್ರೂ "ನಮ್ದೆಲ್ಲ ಸರಿ ಇದೆ ಬಿಡಿ" ಅಂದ್ರೂ ಬಿಡಬೇಡಿ, ನಮ್ಮ ಫ್ರೆಂಡೂ ಹಾಗೇ ಅಂದಿದ್ದು. ಅವನದು ಎಚ್-1ಬಿ, ಅಂದ್ರೆ ಇಲ್ಲಿ ಕೆಲಸ ಮಾಡೋರ ವೀಸಾ, ಕೆಲಸದ ಅಪ್ರೂವಲ್ ಮೂರು ವರ್ಷಕ್ಕೆ ಇತ್ತು, ಆದ್ರೆ ಪಾಸ್‌ಪೋರ್ಟಲ್ಲಿರೋ ವೀಸಾ ಸ್ಟಾಂಪ್ ಮುಗಿದು ಒಂದು ವರ್ಷ ಆಗಿತ್ತು. ಕೆನಡಾಗೋ ಮೆಕ್ಸಿಕೋಗೋ 30 ದಿನದೊಳಗೆ ಹೋಗಿ ಬಂದ್ರೆ ಹಳೇ ಸ್ಟಾಂಪಲ್ಲೇ ವಾಪಸ್ ಬರಬಹುದು ಅಂತ ಒಂದು ರೂಲ್ ಇದೆ, ಅದನ್ನ ಕೇಳ್ಕೊಂಡು ಕ್ರೂಸ್‌ಗೂ ನಡೆಯತ್ತೆ ಅಂದ್ಕೊಂಡಿದ್ದ. ನಡೆಯಲ್ಲ. ಕೆರಿಬಿಯನ್ ಕಡೆಯ ದ್ವೀಪಗಳಿಗೆ ಆ ಸೌಕರ್ಯ ಇರೋದು ಎಫ್ ಮತ್ತು ಜೆ ವೀಸಾದವರಿಗೆ ಮಾತ್ರ, ಅಂದ್ರೆ ಸ್ಟೂಡೆಂಟ್‌ಗಳು, ಎಕ್ಸ್‌ಚೇಂಜ್‌ನವರು. ಎಚ್-1ಬಿ, ಇಲ್ಲಾ ಅವರ ಹೆಂಡತಿ ಮಕ್ಕಳಿಗೆ ಕೊಡೋ ಎಚ್-4 ಇದ್ದು ಸ್ಟಾಂಪ್ ಮುಗಿದಿದ್ರೆ ಬಹಾಮಾಸ್ ಕ್ರೂಸ್ ಕನಸು ಬಿಡಬೇಕು ಅಷ್ಟೇ. ಅವನಿಗೆ ಇದು ಗೊತ್ತಾಗಿದ್ದು ಹೊರಡೋಕೆ ಮೂರು ವಾರ ಇದ್ದಾಗ, ಅಷ್ಟೊತ್ತಿಗೆ ಅವನ ಮನೆಯ ಮೂರು ಜನದ್ದೂ ಕ್ಯಾನ್ಸಲ್ ಮಾಡಿದ್ರೂ ಟಿಕೆಟ್ ದುಡ್ಡಲ್ಲಿ ಮುಕ್ಕಾಲು ಪಾಲು ಹೋಯ್ತು.

ಗ್ರೀನ್ ಕಾರ್ಡ್ ಅರ್ಜಿ ಕೊನೇ ಹಂತದಲ್ಲಿರೋರು ಇನ್ನೂ ಹುಷಾರಾಗಿರಬೇಕು. ಸಿಂಧುವಾದ ಎಚ್ ಅಥವಾ ಎಲ್ ವೀಸಾ ಇಲ್ದೆ, ಅಡ್ವಾನ್ಸ್ ಪೆರೋಲ್ (ಹೊರಗೆ ಹೋಗಿ ವಾಪಸ್ ಬರೋಕೆ ಮೊದಲೇ ಪಡೆಯೋ ಅನುಮತಿ) ಕಾಗದಾನೂ ಇಲ್ದೆ ದೇಶ ಬಿಟ್ಟು ಹೊರಗೆ ಹೋದ್ರೆ ಅರ್ಜಿಯನ್ನೇ ಕೈಬಿಟ್ಟ ಹಾಗೆ ಲೆಕ್ಕ. ಮೂರು ರಾತ್ರಿ ಮಜಾಕ್ಕೆ ಹತ್ತು ವರ್ಷದ ಕಾಯುವಿಕೆ ಹಾಳು ಮಾಡ್ಕೋಬೇಡಿ, ಲಾಯರ್‌ಗೆ ಒಂದು ಮೇಲ್ ಹಾಕಿ ಉತ್ತರ ಬಂದ ಮೇಲೆ ದುಡ್ಡು ಕಟ್ಟಿ.

ಊರಿಂದ ಬಂದಿರೋ ಅಪ್ಪ ಅಮ್ಮಂದಿರ ವಿಸಿಟರ್ ವೀಸಾ ಮಲ್ಟಿಪಲ್ ಎಂಟ್ರಿ ಇದ್ಯಾ ನೋಡಿ, ವೀಸಾ ಮೇಲೆ ಎಂಟ್ರೀಸ್ ಅನ್ನೋ ಜಾಗದಲ್ಲಿ ಎಂ ಅಂತ ಇರತ್ತೆ. ಇನ್ನೊಂದು, ಕ್ರೂಸ್‌ಗೆ ಹೋಗಿ ಬಂದ್ರೆ ಮತ್ತೆ ಆರು ತಿಂಗಳು ಸಿಗತ್ತೆ ಅಂತ ಯಾರೋ ಪಾರ್ಕಲ್ಲಿ ವಾಕಿಂಗ್ ಮಾಡ್ತಾ ಹೇಳಿರ್ತಾರೆ, ಅದನ್ನ ನಂಬ್ಕೊಂಡು ಹೋಗಬೇಡಿ, ಹಳೇ ತಾರೀಖನ್ನೇ ಉಳಿಸೋ ಅಧಿಕಾರ ಆಫೀಸರ್‌ಗೆ ಇದೆ. ಇಲ್ಲೇ ಹುಟ್ಟಿರೋ ಮಕ್ಕಳು ಅಮೆರಿಕನ್ ಸಿಟಿಜನ್, ಹೊರಟ ಬಂದರಿಗೇ ವಾಪಸ್ ಬರೋ ಕ್ರೂಸ್ ಆದ್ರೆ ಅವರಿಗೆ ಬರ್ತ್ ಸರ್ಟಿಫಿಕೇಟ್ ಸಾಕು, ಆದ್ರೂ ಪಾಸ್‌ಪೋರ್ಟ್ ಇದ್ರೆ ತಗೊಂಡ್ಹೋಗಿ. ಹಡಗು ತಪ್ಪಿದ್ರೆ ಬಹಾಮಾಸ್ ರಾಜಧಾನಿ ನಸ್ಸಾವುನಿಂದ ವಿಮಾನದಲ್ಲಿ ಬರೋಕೆ ಬರ್ತ್ ಸರ್ಟಿಫಿಕೇಟ್ ಆಗಲ್ಲ. ಅಣ್ಣನ ಮಗನೋ ಫ್ರೆಂಡ್ ಮಗಳೋ ಅಪ್ಪ ಅಮ್ಮ ಇಲ್ದೆ ನಿಮ್ಜೊತೆ ಬರೋದಾದ್ರೆ ಅವರಿಬ್ಬರ ಸಹಿ ಇರೋ ನೋಟರಿ ಪತ್ರ ಬೇಕು. ಗರ್ಭಿಣಿಯರಿಗೆ 24ನೇ ವಾರ ಶುರುವಾಗಿದ್ರೆ ಹತ್ತಿಸಲ್ಲ, ಆರು ತಿಂಗಳ ಒಳಗಿನ ಕೂಸನ್ನೂ ಸಾಮಾನ್ಯವಾಗಿ ಹತ್ತಿಸಲ್ಲ.

ಹೆಜ್ಜೆ 2: ಎಲ್ಲಿಗೆ, ಯಾವಾಗ

ಫ್ಲೋರಿಡಾದಿಂದ ಮೂರು ನಾಲ್ಕು ರಾತ್ರಿ ಕ್ರೂಸ್ ಅಂದ್ರೆ ಹೆಚ್ಚು ಕಮ್ಮಿ ಬಹಾಮಾಸ್‌ಗೇ ಹೋಗತ್ತೆ. ಎಲ್ರೂ ಕೆರಿಬಿಯನ್ ಕ್ರೂಸ್ ಅಂತಾರೆ, ಭೂಪಟ ತೆಗೆದು ನೋಡಿದ್ರೆ ಬಹಾಮಾಸ್ ಇರೋದು ಅಟ್ಲಾಂಟಿಕ್‌ನಲ್ಲಿ, ಇರ್ಲಿ ಬಿಡಿ. ಮಯಾಮಿಯಿಂದ ಹೊರಟು ಬರೀ ಅಮೆರಿಕದ್ದೇ ಬಂದರುಗಳನ್ನ ಸುತ್ತಿ ಬರೋ ಹಡಗು ಯಾಕಿಲ್ಲ ಅಂತ ನಮ್ಮ ಮಾವ ಕೇಳಿದ್ರು, ಒಳ್ಳೇ ಪ್ರಶ್ನೆ. ಅದಕ್ಕೆ 1886ರ ಒಂದು ಕಾನೂನು ಕಾರಣ. ಬೇರೆ ದೇಶದ ಬಾವುಟ ಇರೋ, ಅಂದ್ರೆ ಅಲ್ಲಿ ನೋಂದಣಿ ಆಗಿರೋ ಹಡಗು ಬರೀ ಅಮೆರಿಕದ ಬಂದರುಗಳ ಮಧ್ಯೆ ಜನರನ್ನ ಸಾಗಿಸೋ ಹಾಗಿಲ್ಲ. ಈ ದೊಡ್ಡ ಹಡಗುಗಳು ಹೆಚ್ಚಾಗಿ ಬಹಾಮಾಸ್, ಪನಾಮಾದಂಥ ದೇಶಗಳ ಬಾವುಟದವು, ಹಂಗಾಗಿ ಮಧ್ಯದಲ್ಲಿ ಒಂದಾದ್ರೂ ವಿದೇಶಿ ಬಂದರು ಮುಟ್ಟಲೇಬೇಕು. ಫ್ಲೋರಿಡಾದಿಂದ ಒಂದು ರಾತ್ರೀಲಿ ಮುಟ್ಟೋ ಅಂಥದ್ದು ಬಹಾಮಾಸ್.

ಹೊರಡೋ ಬಂದರುಗಳು ಮಯಾಮಿ, ಫೋರ್ಟ್ ಲಾಡರ್‌ಡೇಲ್, ಪೋರ್ಟ್ ಕನಾವೆರಲ್. ನಾವು ಕೊನೇದನ್ನ ಹಿಡಿದ್ವಿ, ಅಟ್ಲಾಂಟಾದಿಂದ ಕಾರಲ್ಲಿ ಏಳೆಂಟು ಗಂಟೆ ಅಷ್ಟೇ, ವಿಮಾನದಲ್ಲಿ ಬರೋರಿಗೆ ಒರ್ಲಾಂಡೋದಿಂದ ಒಂದು ಗಂಟೆ. ಪಕ್ಕದಲ್ಲೇ ಕೆನಡಿ ಸ್ಪೇಸ್ ಸೆಂಟರ್ ಇರೋದ್ರಿಂದ ಅದೃಷ್ಟ ಇದ್ರೆ ರಾಕೆಟ್ ಹಾರೋದೂ ಕಾಣತ್ತೆ, ನಮಗೆ ಕಾಣ್ಲಿಲ್ಲ. ಮಕ್ಕಳು ಜಾಸ್ತಿ ಇರೋ ಗುಂಪಿಗೆ ರಾಯಲ್ ಕೆರಿಬಿಯನ್ ಕಂಪನಿಯವರ ಯುಟೋಪಿಯಾ ಥರದ ದೊಡ್ಡ ಹಡಗು ಚೆನ್ನ, 2024ರಲ್ಲಿ ಬಂದಿದ್ದು, ಐದು ಸಾವಿರದ ಮೇಲೆ ಜನ ಹಿಡಿಸತ್ತೆ. ವಯಸ್ಸಾದವರೇ ಜಾಸ್ತಿ ಇದ್ರೆ ಮಾತ್ರ ಚಿಕ್ಕ ಹಡಗು ನೋಡಿ, ನಡೆಯೋದು ಕಮ್ಮಿ. ದೊಡ್ಡ ಹಡಗಲ್ಲಿ ರೂಮಿಂದ ಊಟದ ಜಾಗಕ್ಕೆ ಹೋಗೋದು ಅಂದ್ರೆ ನಮ್ಮೂರಲ್ಲಿ ಬಸ್‌ಸ್ಟ್ಯಾಂಡಿಂದ ಮನೆಗೆ ನಡೆದ ಹಾಗೆ.

ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್ ಸೀಸನ್, ರೇಟ್ ಕಮ್ಮಿ, ಆದ್ರೆ ದಾರಿ ಬದಲಾಗಬಹುದು. ಚಳಿಗಾಲದಲ್ಲಿ ಇನ್ನೊಂದು ತಮಾಷೆ, ಫ್ಲೋರಿಡಾಗೂ ಬಹಾಮಾಸ್‌ಗೂ ಮಧ್ಯೆ ಗಲ್ಫ್ ಸ್ಟ್ರೀಮ್ ಅನ್ನೋ ದೊಡ್ಡ ಪ್ರವಾಹ ಉತ್ತರಕ್ಕೆ ಹರೀತಾ ಇರತ್ತೆ, ಅದಕ್ಕೆ ಎದುರಾಗಿ ಉತ್ತರದ ಗಾಳಿ ಬೀಸಿದ್ರೆ ಅಲೆ ಏಳತ್ತೆ, ಮೊದಲ ರಾತ್ರೀನೇ ಹಡಗು ತೂಗಾಡತ್ತೆ. ಸ್ಪ್ರಿಂಗ್ ಬ್ರೇಕ್ ವಾರ ಅಂತೂ ಬೇಡವೇ ಬೇಡ, ದುಡ್ಡೂ ಜಾಸ್ತಿ, ಕಾಲೇಜ್ ಹುಡುಗರ ಗಲಾಟೆನೂ ಜಾಸ್ತಿ.

ಹೆಜ್ಜೆ 3: ಬುಕಿಂಗ್, ಮತ್ತೆ ದುಡ್ಡಿನ ನಿಜವಾದ ಲೆಕ್ಕ

ಸಾಮಾನ್ಯವಾಗಿ 8 ರೂಮು ಆದ್ರೆ ಅದನ್ನ ಗ್ರೂಪ್ ಅಂತ ಲೆಕ್ಕಕ್ಕೆ ತಗೋತಾರೆ. ರೂಮಲ್ಲಿ ಮೊದಲ ಇಬ್ಬರನ್ನ ಮಾತ್ರ ಎಣಿಸಿ, 16 ಜನ ಆದ್ರೆ ಒಬ್ಬರ ಟಿಕೆಟ್ ದುಡ್ಡು ಬಿಡ್ತಾರೆ, ಟ್ಯಾಕ್ಸ್ ಮಾತ್ರ ಕಟ್ಟಬೇಕು. ಇದು ವೆಬ್‌ಸೈಟಲ್ಲಿ ಒಂದೊಂದೇ ರೂಮ್ ಬುಕ್ ಮಾಡಿದ್ರೆ ಸಿಗಲ್ಲ, ಗ್ರೂಪ್ ಡೆಸ್ಕ್‌ಗೋ ಟ್ರಾವೆಲ್ ಏಜೆಂಟ್‌ಗೋ ಫೋನ್ ಮಾಡಿ ಕೇಳಬೇಕು. ಬಂದ ದುಡ್ಡನ್ನ ಎಲ್ರಿಗೂ ಹಂಚಿ, ನೀವೇ ಇಟ್ಕೊಂಡ್ರೆ ಆಮೇಲೆ ಹತ್ತು ವರ್ಷ ಮಾತು ಕೇಳಬೇಕಾಗತ್ತೆ.

ರೇಟ್ ತೋರಿಸೋದು ರೂಮಲ್ಲಿ ಇಬ್ಬರಿದ್ರೆ ತಲೆಗೆ ಎಷ್ಟು ಅಂತ. ಒಬ್ಬರೇ ಇದ್ರೆ ಇಬ್ಬರದ್ದೂ ಕಟ್ಟಬೇಕು, ಮೂರನೇ ನಾಲ್ಕನೇ ಜನಕ್ಕೆ ಸಾಮಾನ್ಯವಾಗಿ ಕಮ್ಮಿ. ಅದರ ಮೇಲೆ ಬಂದರು ಫೀಸ್, ಟ್ಯಾಕ್ಸ್. ಅದರ ಮೇಲೆ ಟಿಪ್, ಇದನ್ನ ಎಲ್ರೂ ಮರೀತಾರೆ. ತಲೆಗೆ ದಿನಕ್ಕೆ 16ರಿಂದ 20 ಡಾಲರ್ ಹತ್ರ ತಾನಾಗೇ ಬಿಲ್ಲಿಗೆ ಸೇರತ್ತೆ, ಮಕ್ಕಳಿಗೂ. 17 ಅಂತ ಇಟ್ಕೊಂಡ್ರೂ ನಮ್ಮ 22 ಜನಕ್ಕೆ ಮೂರು ದಿನಕ್ಕೆ 1122 ಡಾಲರ್ ಆಯ್ತು, ಇದನ್ನ ಮೊದಲೇ ಹೇಳಿರಲಿಲ್ಲ ಅಂತ ಒಬ್ರು ಮುಖ ಊದಿಸ್ಕೊಂಡ್ರು. ಹಂಗಾಗಿ ಮೊದಲನೇ ಮೆಸೇಜಲ್ಲೇ ಟಿಪ್ ಸೇರಿಸಿದ ಮೊತ್ತ ಹೇಳಿ, ಕಮ್ಮಿ ರೇಟ್ ತೋರಿಸಿ ಜನ ಸೇರಿಸೋಕೆ ಹೋಗಬೇಡಿ.

ರೂಮ್ ನಂಬರ್ ನೀವೇ ಆರಿಸ್ಕೊಳ್ಳಿ. ಅವರೇ ಕೊಟ್ಟಿದ್ದು ತಗೋತೀವಿ ಅಂದ್ರೆ ಸ್ವಲ್ಪ ಅಗ್ಗ ಆಗತ್ತೆ, ಆದ್ರೆ ಅಪ್ಪ ಅಮ್ಮ ಒಂದು ತುದೀಲಿ ನೀವು ಇನ್ನೊಂದು ತುದೀಲಿ. ವಯಸ್ಸಾದವರಿಗೆ ಹಡಗಿನ ಮಧ್ಯಭಾಗ, ಕೆಳಗಿನ ಡೆಕ್ (ಮಹಡಿ), ಲಿಫ್ಟ್‌ಗೆ ಹತ್ರ, ಅಲ್ಲಿ ತೂಗಾಟ ಕಮ್ಮಿ. ಎಲ್ರಿಗೂ ಬಾಲ್ಕನಿ ಬೇಕಿಲ್ಲ, ಎಂಟು ರೂಮಲ್ಲಿ ಎರಡಕ್ಕೆ ಇದ್ರೆ ಸಾಕು, ಎಲ್ರೂ ಅಲ್ಲೇ ಬಂದು ಕೂರ್ತಾರೆ. ಕಿಟಕಿ ಇಲ್ದಿರೋ ಒಳಗಿನ ರೂಮು ನಿದ್ದೆಗೆ ಅದ್ಭುತ, ಬೆಳಗಾಯ್ತಾ ಅಂತ ಮಾತ್ರ ಗೊತ್ತಾಗಲ್ಲ. ಎಲ್ಲಾ ಬುಕಿಂಗ್‌ಗಳನ್ನ ಒಂದಕ್ಕೊಂದು ಲಿಂಕ್ ಮಾಡ್ಸಿ, ಇಲ್ಲಾಂದ್ರೆ ಊಟಕ್ಕೆ ಒಬ್ಬೊಬ್ಬರನ್ನ ಒಂದೊಂದು ಕಡೆ ಕೂರಿಸ್ತಾರೆ.

ಡ್ರಿಂಕ್ಸ್ ಪ್ಯಾಕೇಜ್ ವಿಷಯ. ಒಂದು ರೂಮಲ್ಲಿ ದೊಡ್ಡೋರೊಬ್ಬರು ತಗೊಂಡ್ರೆ ಆ ರೂಮಿನ ಉಳಿದ ದೊಡ್ಡೋರೂ ತಗೋಬೇಕು ಅನ್ನೋದು ದೊಡ್ಡ ಕಂಪನಿಗಳ ರೂಲ್. ಗಂಡ ಕುಡೀತಾನೆ ಹೆಂಡತಿ ಮಜ್ಜಿಗೇನೂ ಯೋಚನೆ ಮಾಡಿ ಕುಡೀತಾಳೆ ಅನ್ನೋ ನಮ್ಮಂಥ ಮನೆಗಳಿಗೆ ಇದು ಶುದ್ಧ ನಷ್ಟ, ಬೇಕಾದಾಗ ಒಂದೊಂದೇ ತಗೊಳ್ಳೋದು ವಾಸಿ.

ಇನ್ಶೂರೆನ್ಸ್ ಮಾಡ್ಸಿ. ಅಪ್ಪ ಅಮ್ಮನಿಗೆ ಮಾಡ್ಸಿರೋ ವಿಸಿಟರ್ ಇನ್ಶೂರೆನ್ಸ್ ಹಡಗಲ್ಲಿ, ಬಹಾಮಾಸಲ್ಲಿ ನಡೆಯತ್ತಾ ಅಂತ ಪಾಲಿಸಿ ತೆಗೆದು ಓದಿ, ಎಷ್ಟೋ ಪಾಲಿಸಿ ಅಮೆರಿಕ ಒಳಗೆ ಮಾತ್ರ. ಹಡಗಿನ ಡಾಕ್ಟರ್ ಫ್ರೀ ಅಲ್ಲ. ಎಲ್ಲಕ್ಕಿಂತ ಮುಖ್ಯ, ಹೆಲಿಕಾಪ್ಟರಲ್ಲಿ ಸಾಗಿಸೋ ಖರ್ಚು ಸೇರಿರಬೇಕು.

ಹೆಜ್ಜೆ 4: ಊಟ

ನಮ್ಮಲ್ಲಿ 22ರಲ್ಲಿ 13 ಜನ ಸಸ್ಯಾಹಾರಿಗಳು, ಅದರಲ್ಲಿ ಅಮ್ಮ ಈರುಳ್ಳಿ ಬೆಳ್ಳುಳ್ಳಿನೂ ಮುಟ್ಟಲ್ಲ. ಮೂರು ದಿನ ಬ್ರೆಡ್ಡು ಬಾಳೆಹಣ್ಣು ಅಂತ ಎಲ್ರೂ ಹೆದರಿಸಿದ್ರು, ಹಾಗೇನಾಗ್ಲಿಲ್ಲ. ಬುಕಿಂಗ್ ಆದ ಮೇಲೆ ಪ್ರತಿಯೊಬ್ಬರ ಹೆಸರಿಗೂ ಬೇರೆ ಬೇರೆಯಾಗಿ ಆಹಾರದ ರಿಕ್ವೆಸ್ಟ್ ಹಾಕಿ, ಬರೀ ವೆಜಿಟೇರಿಯನ್ ಅಂದ್ರೆ ಅವರ ಲೆಕ್ಕದಲ್ಲಿ ಮೊಟ್ಟೆ ಬರತ್ತೆ, ಮೊಟ್ಟೆ ಇಲ್ಲ, ಮೀನಿಲ್ಲ, ಜೆಲಟಿನ್ ಇಲ್ಲ ಅಂತ ಬಿಡಿಸಿ ಬರೀರಿ. ಆದ್ರೆ ನಿಜವಾದ ಕೆಲಸ ಆಗೋದು ಹಡಗು ಹತ್ತಿದ ಮೇಲೆ. ಮೊದಲ ದಿನ ಮಧ್ಯಾಹ್ನನೇ ದೊಡ್ಡ ಊಟದ ಹಾಲ್‌ಗೆ ಹೋಗಿ ಹೆಡ್ ವೇಟರ್ ಯಾರು ಅಂತ ಕೇಳಿ ಮಾತಾಡಿ. ಇವತ್ತು ಹೇಳಿದ್ದು ನಾಳೆ ಬರತ್ತೆ, ಹಂಗಾಗಿ ದಿನಾ ರಾತ್ರಿ ಊಟ ಮುಗಿಸಿ ಟೇಬಲ್ ಬಿಟ್ಟು ಏಳೋ ಮುಂಚೆ ನಾಳೆದು ಹೇಳಿಬಿಡಬೇಕು. ಅಡುಗೆಮನೇಲಿ ಭಾರತದವರು ಇದ್ದೇ ಇರ್ತಾರೆ, ಗೋವಾ, ಕೇರಳ, ಮುಂಬೈ ಕಡೆಯವರು. ನಮ್ಮ ಟೇಬಲ್‌ಗೆ ಬಂದ ಹುಡುಗ ಮಂಗಳೂರಿನವನು, ಅಮ್ಮ ಕನ್ನಡದಲ್ಲಿ ಮಾತಾಡ್ಸಿದ್ದೇ ತಡ, ಎರಡನೇ ರಾತ್ರಿ ಬೆಳ್ಳುಳ್ಳಿ ಹಾಕದ ದಾಲು, ಬೆಂಡೆಕಾಯಿ ಪಲ್ಯ, ಬಿಸಿ ಚಪಾತಿ ಬಂತು. ಮೆನುವಲ್ಲಿ ಇರೋದಲ್ಲ ಅದು.

ಮನೇಲಿ ಮಾಡಿದ ಪುಳಿಯೋಗರೆ, ಚಪಾತಿ ತಗೊಂಡು ಹತ್ತೋಕೆ ಬಿಡಲ್ಲ. ಸೀಲ್ ಮಾಡಿರೋ ಪ್ಯಾಕೆಟ್ ಚಕ್ಲಿ, ಕೋಡುಬಳೆ, ಚಟ್ನಿಪುಡಿ, ಉಪ್ಪಿನಕಾಯಿ ಸ್ಯಾಷೆ ಸಾಮಾನ್ಯವಾಗಿ ಬಿಡ್ತಾರೆ. ಕೆಟಲ್, ಇಸ್ತ್ರಿಪೆಟ್ಟಿಗೆ, ರೈಸ್ ಕುಕ್ಕರ್ ಕಿತ್ಕೊಂಡು ಇಟ್ಕೋತಾರೆ. ಬಫೆಯಲ್ಲಿ ಬಿಸಿನೀರು ಸಿಗತ್ತೆ, ಬರೀ ಬಿಸಿನೀರು ಹಾಕಿದ್ರೆ ಆಗೋ ಉಪ್ಪಿಟ್ಟಿನ ಕಪ್ ಅಪ್ಪನ ಬೆಳಗ್ಗೆ ತಿಂಡಿ ಆಯ್ತು. ಬೆಳಗ್ಗೆ ಬಫೆಯಲ್ಲಿ ಸಪ್ಪೆ ಮೊಸರು ಇರತ್ತೆ, ಮಧ್ಯಾಹ್ನ ಅನ್ನ ಇರತ್ತೆ, ಉಪ್ಪಿನಕಾಯಿ ನಿಮ್ಮ ಹತ್ರ ಇದೆ, ಇನ್ನೇನು ಬೇಕು.

ಹೆಜ್ಜೆ 5: ಹತ್ತೋ ದಿನ

ಹಿಂದಿನ ದಿನಾನೇ ಬಂದರಿನ ಊರಿಗೆ ಹೋಗಿ ಮಲ್ಕೊಳ್ಳಿ. ಅದೇ ದಿನ ಬೆಳಗ್ಗೆ ವಿಮಾನ ಹಿಡಿಯೋದು ಜೂಜು, ಹಡಗು ಯಾರಿಗೂ ಕಾಯಲ್ಲ. ಆ್ಯಪಲ್ಲಿ ಚೆಕ್-ಇನ್ ತೆರೆದ ದಿನವೇ ಎಲ್ರದ್ದೂ ಮಾಡಿ ಒಂದೇ ಟೈಮ್ ಸ್ಲಾಟ್ ತಗೊಳ್ಳಿ, ದೊಡ್ಡೋರ ಚೆಕ್-ಇನ್ ಅವರೇ ಮಾಡ್ಕೋತಾರೆ ಅಂತ ಬಿಡಬೇಡಿ, ಮಾಡ್ಕೊಳ್ಳಲ್ಲ. ದೊಡ್ಡ ಪೆಟ್ಟಿಗೆಗಳನ್ನ ಪೋರ್ಟರ್ ಕೈಗೆ ಕೊಟ್ರೆ ಸಂಜೆವರೆಗೂ ರೂಮಿಗೆ ಬರಲ್ಲ, ಹಂಗಾಗಿ ಪಾಸ್‌ಪೋರ್ಟ್, ಮಾತ್ರೆ, ಮಕ್ಕಳ ಸ್ವಿಮ್ಮಿಂಗ್ ಬಟ್ಟೆ ಕೈಚೀಲದಲ್ಲಿರಲಿ.

ಹತ್ತಿದ ಮೇಲೆ ಮಸ್ಟರ್ ಡ್ರಿಲ್, ಅಪಾಯ ಬಂದ್ರೆ ಎಲ್ಲಿ ಸೇರಬೇಕು ಅನ್ನೋ ತಾಲೀಮು. ಈಗ ಎಷ್ಟೋ ಹಡಗಲ್ಲಿ ವಿಡಿಯೋ ಫೋನಲ್ಲೇ ನೋಡಿ ಆಮೇಲೆ ನಿಮ್ಮ ಜಾಗಕ್ಕೆ ಹೋಗಿ ಹಡಗಿನವರು ಕೊಟ್ಟ ಕಾರ್ಡ್ (ರೂಮಿನ ಕೀಲಿ, ಖರ್ಚು ಎರಡಕ್ಕೂ ಅದೇ) ತೋರ್ಸಿದ್ರೆ ಮುಗೀತು, ಇದು ಮುಗಿಸದೇ ಬಫೆಗೆ ನುಗ್ಗಬೇಡಿ, ಆಮೇಲೆ ಮೈಕಲ್ಲಿ ಹೆಸರು ಕೂಗ್ತಾರೆ. ನಮ್ಮ ಮಾವನ ಹೆಸರನ್ನ ಅವರು ಕೂಗಿದ ರೀತಿಗೆ ಮಾವನಿಗೇ ಅದು ತಮ್ಮ ಹೆಸರು ಅಂತ ಗೊತ್ತಾಗ್ಲಿಲ್ಲ.

ಹಡಗು ಹೊರಡೋ ಮುಂಚೆ ಎಲ್ರ ಫೋನೂ ಏರ್‌ಪ್ಲೇನ್ ಮೋಡ್‌ಗೆ ಹಾಕ್ಸಿ, ನೀವೇ ಕೈಯಲ್ಲಿ ತಗೊಂಡು ಹಾಕಿ. ಸಮುದ್ರದ ಮಧ್ಯೆ ಹಡಗಿನ ಟವರ್ ಹಿಡಿದ್ರೆ ಬಿಲ್ ಬೇರೆ ಥರಾನೇ ಬರತ್ತೆ. ಖರ್ಚಿಗೆ ಕೊಡೋ ಕಾರ್ಡ್ ಕ್ರೆಡಿಟ್ ಕಾರ್ಡೇ ಆಗಿರ್ಲಿ, ಡೆಬಿಟ್ ಆದ್ರೆ ದುಡ್ಡು ಹೋಲ್ಡ್ ಆಗಿ ಕೂತಿರತ್ತೆ, ಮಕ್ಕಳ ಹಡಗಿನ ಕಾರ್ಡಲ್ಲಿ ಖರೀದಿ ಆಫ್ ಮಾಡ್ಸಿ, ವಿಡಿಯೋ ಗೇಮ್ ಜಾಗದಲ್ಲಿ ಉಜ್ಜಿದ್ದೇ ಉಜ್ಜಿದ್ದು. ವಾಂತಿ ತಲೆಸುತ್ತು ಬರೋರು ಮಾತ್ರೆಯನ್ನ ಹಡಗು ಹೊರಡೋ ಮುಂಚೆನೇ ತಗೋಬೇಕು, ಶುರುವಾದ ಮೇಲೆ ತಗೊಂಡ್ರೆ ಅಷ್ಟು ಕೇಳಲ್ಲ. ಊರಿನ ಅವೋಮಿನ್, ಇಲ್ಲಿನ ಬೋನೀನ್ ಎರಡೂ ನಿದ್ದೆ ಬರ್ಸತ್ತೆ, ಬಿಪಿ ಶುಗರ್ ಮಾತ್ರೆ ತಗೊಳ್ಳೋರು ಡಾಕ್ಟರ್ ಹತ್ರ ಕೇಳೇ ತಗೋಬೇಕು.

ಹೆಜ್ಜೆ 6: ಗುಂಪನ್ನ ಬಿಚ್ಚಿಬಿಡಿ

ಮೊದಲ ದಿನ ನಾನು 22 ಜನರನ್ನೂ ಒಟ್ಟಿಗೆ ಓಡಾಡ್ಸೋಕೆ ಹೋದೆ. ಲಿಫ್ಟಲ್ಲಿ ಹತ್ತು ಜನ ಹೋಗಿ ಹನ್ನೆರಡು ಜನ ಉಳಿಯೋದು, ಯಾರೋ ಬಾತ್‌ರೂಮಿಗೆ ಹೋಗೋದು, ಯಾರೋ ಶಾಲು ಮರೆತಿದ್ದು, ಶೋ ಶುರುವಾಗಿ ಅರ್ಧ ಮುಗಿದಿತ್ತು. ರಾತ್ರಿ ಅತ್ತಿಗೆ ಹೇಳಿದ್ರು, ಇದೇನು ಶಾಲೆ ಟೂರಾ ಅಂತ. ಎರಡನೇ ದಿನದಿಂದ ಒಂದೇ ರೂಲ್ ಇಟ್ವಿ: ರಾತ್ರಿ ಊಟಕ್ಕೆ ಎಲ್ರೂ ಒಂದೇ ಹೊತ್ತಿಗೆ ಬರಬೇಕು, ಉಳಿದಿದ್ದೆಲ್ಲ ಅವರವರ ಇಷ್ಟ. ಊಟಕ್ಕೆ ಬೇಗನೇ ಟೈಮ್ ತಗೊಳ್ಳಿ, ಐದೂವರೆ ಆರರ ಹತ್ರದ್ದು, ದೊಡ್ಡೋರಿಗೂ ಮಕ್ಕಳಿಗೂ ಅದೇ ಸರಿ. ಮೂರು ಟೇಬಲ್ ಅಕ್ಕಪಕ್ಕ ಸಿಕ್ತು, ದಿನಾ ಕೂರೋ ಜಾಗ ಬದಲಾಯಿಸ್ತಾ ಇದ್ವಿ. ಮೂರು ವರ್ಷದ ಮೇಲಿನ ಮಕ್ಕಳಿಗೆ ಕಿಡ್ಸ್ ಕ್ಲಬ್ ಫ್ರೀ, ಡೈಪರ್ ಹಾಕೋ ಮಕ್ಕಳನ್ನ ಮಾತ್ರ ದೊಡ್ಡ ಪೂಲ್‌ಗೆ ಇಳಿಸೋ ಹಾಗಿಲ್ಲ, ಸ್ವಿಮ್ ಡೈಪರ್ ಆದ್ರೂ ಇಲ್ಲ.

ಸಂದೇಶಕ್ಕೆ 22 ಜನಕ್ಕೂ ವೈಫೈ ತಗೋಬೇಕಿಲ್ಲ. ಹಡಗಿನ ಆ್ಯಪಲ್ಲೇ ಚಾಟ್ ಇರತ್ತೆ. ಅಪ್ಪನಿಗೆ ಅದೂ ಬೇಡ ಅನ್ನಿಸಿ ಒಂದು ಚೀಟಿ ಬರೆದು ಅವರ ಜೇಬಲ್ಲಿಟ್ಟೆ, ರೂಮ್ ನಂಬರ್, ಊಟದ ಹಾಲ್ ಎಷ್ಟನೇ ಡೆಕ್, ಎಷ್ಟೊತ್ತಿಗೆ. ಅದೇ ಚೆನ್ನಾಗಿ ಕೆಲಸ ಮಾಡ್ತು.

ಹೆಜ್ಜೆ 7: ನಸ್ಸಾವು ಮತ್ತು ದ್ವೀಪ

ನಸ್ಸಾವು ಬಂದರಿಂದ ಊರಿಗೆ ನಡ್ಕೊಂಡೇ ಹೋಗಬಹುದು. ಅಮೆರಿಕನ್ ಡಾಲರ್ ನಡೆಯತ್ತೆ, ಅಲ್ಲಿನ ಡಾಲರ್‌ಗೂ ಅದೇ ಬೆಲೆ, ಚಿಲ್ಲರೆ ವಾಪಸ್ ಮಾತ್ರ ಅವರ ನೋಟಲ್ಲಿ ಬರಬಹುದು, ಹತ್ತೋ ಮುಂಚೆ ಖರ್ಚು ಮಾಡಿಬಿಡಿ. ಬೇ ಸ್ಟ್ರೀಟ್ ದಾಟಿ ಸ್ವಲ್ಪ ಏರಿದ್ರೆ ಕ್ವೀನ್ಸ್ ಸ್ಟೇರ್‌ಕೇಸ್, ಸುಣ್ಣದ ಕಲ್ಲಿನ ಬೆಟ್ಟವನ್ನೇ 18ನೇ ಶತಮಾನದ ಕೊನೇಲಿ ಗುಲಾಮರ ಕೈಲಿ ಕಡಿಸಿ ಮಾಡಿದ 66 ಮೆಟ್ಟಿಲು, ಆಮೇಲೆ ವಿಕ್ಟೋರಿಯಾ ರಾಣಿ ಹೆಸರಿಟ್ರು. ಎರಡೂ ಕಡೆ ಎತ್ತರದ ಗೋಡೆ, ತಣ್ಣಗಿರತ್ತೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದೋಳಿಗೆ ಇದ್ಯಾವ ಲೆಕ್ಕ ಅಂತ ಅಮ್ಮ ಸರಸರ ಹತ್ತಿಬಿಟ್ರು, ನಾವು ಹಿಂದೆ. ಮೇಲೆ 1793ರ ಫಿನ್‌ಕ್ಯಾಸಲ್ ಕೋಟೆ. ಇಳಿದು ಬರ್ತಾ ಸ್ಟ್ರಾ ಮಾರ್ಕೆಟ್‌ನಲ್ಲಿ ಬುಟ್ಟಿ, ಟೋಪಿ, ಚೌಕಾಸಿ ಮಾಡಬಹುದು, ಅತ್ತೆ ಅಲ್ಲಿ ಕಳೆದುಹೋದ್ರು ಅಂತಾನೇ ಹೇಳಬೇಕು.

ಅಲ್ಲೆಲ್ಲ ಗುಲಾಬಿ ಬಣ್ಣದ ದೊಡ್ಡ ಶಂಖ ಮಾರ್ತಾರೆ, ಅದರೊಳಗಿನ ಪ್ರಾಣೀನ ಹಸಿಯಾಗಿ ನಿಂಬೆಹಣ್ಣು ಹಿಂಡಿ ಸಲಾಡ್ ಮಾಡಿ ತಿಂತಾರೆ. ದೇವರ ಮನೆಗೆ ಆಗತ್ತೆ ಅಂತ ಕೊಳ್ಳೋಕೆ ಹೊರಟ್ರು ಅತ್ತೆ, ಇದು ನಮ್ಮ ಪೂಜೆ ಶಂಖದ ಜಾತಿ ಅಲ್ಲ ಅಂತ ಒಪ್ಪಿಸೋಷ್ಟರಲ್ಲಿ ಸಾಕಾಯ್ತು.

ಎಲ್ರೂ ವಾಪಸ್ ಬರಬೇಕಾದ ಹೊತ್ತು ಹಡಗಿನ ಬಾಗಿಲಲ್ಲಿ ಬರೆದಿರತ್ತೆ, ಅದಕ್ಕಿಂತ ಒಂದು ಗಂಟೆ ಮುಂಚಿನ ಹೊತ್ತನ್ನ ಗುಂಪಿಗೆ ಹೇಳಿ. ನಸ್ಸಾವು ಗಡಿಯಾರ ಫ್ಲೋರಿಡಾದ್ದೇ. ನಾಲ್ಕೈದು ರಾತ್ರಿಯ ಕ್ರೂಸಲ್ಲಿ ಮೆಕ್ಸಿಕೋದ ಕೊಜುಮೆಲ್‌ಗೆ ಹೋಗೋರು ಎಚ್ಚರ, ಬೇಸಿಗೆಯಲ್ಲಿ ಅಲ್ಲಿನ ಟೈಮ್ ಫ್ಲೋರಿಡಾಗಿಂತ ಒಂದು ಗಂಟೆ ಹಿಂದೆ, ಫೋನ್ ತಾನೇ ಬದಲಾಯಿಸ್ಕೊಂಡ್ರೆ ಹಡಗು ತಪ್ಪತ್ತೆ.

ಮೂರನೇ ದಿನ ಕಂಪನಿಯ ಸ್ವಂತ ದ್ವೀಪ. ರಾಯಲ್‌ನವರದ್ದು ಕೊಕೊಕೇ, ಕಾರ್ನಿವಲ್‌ನವರು (ಇನ್ನೊಂದು ಕ್ರೂಸ್ ಕಂಪನಿ) 2025ರಲ್ಲಿ ಗ್ರ್ಯಾಂಡ್ ಬಹಾಮಾ ದ್ವೀಪದಲ್ಲಿ ಸೆಲೆಬ್ರೇಶನ್ ಕೀ ಅಂತ ತಮ್ಮದೇ ಬಂದರು, ಬೀಚು ತೆರೆದಿದ್ದಾರೆ. ಹಡಗು ಸೀದಾ ಕಟ್ಟೆಗೆ ಬಂದು ನಿಲ್ಲತ್ತಾ ಅಥವಾ ಚಿಕ್ಕ ದೋಣೀಲಿ ಇಳಿಸ್ತಾರಾ ಅಂತ ಬುಕ್ ಮಾಡೋವಾಗ್ಲೇ ಕೇಳಿ, ಮಂಡಿ ನೋವಿನವರಿಗೆ ದೋಣಿ ಕಷ್ಟ. ವಾಟರ್ ಪಾರ್ಕ್‌ಗೆ ದುಡ್ಡು ಬೇರೆ, ಬೀಚು, ಕುರ್ಚಿ ಫ್ರೀ, ಊಟ ಸಾಮಾನ್ಯವಾಗಿ ಫ್ರೀ. ನೆರಳಿನ ಕುರ್ಚಿ ಬೇಕಾದ್ರೆ ಇಬ್ಬರನ್ನ ಬೆಳಗ್ಗೆನೇ ಓಡಿಸಿ, ಟವೆಲ್ ಹಾಸಿ ಸೀಟ್ ಹಿಡಿಯೋದು ನಮಗೆ ಹೇಳಿಕೊಡಬೇಕಾ. ಗಾಳಿ ಜೋರಿದ್ರೆ ದ್ವೀಪ ಬಿಟ್ಟು ಮುಂದೆ ಹೋಗಿಬಿಡ್ತಾರೆ, ಅದಕ್ಕೆ ಟಿಕೆಟ್ ದುಡ್ಡು ವಾಪಸ್ ಬರಲ್ಲ.

ಹೆಜ್ಜೆ 8: ಇಳಿಯೋ ಬೆಳಗ್ಗೆ

ಕೊನೇ ರಾತ್ರಿ ಹತ್ತು ಹನ್ನೊಂದರೊಳಗೆ ಪೆಟ್ಟಿಗೆಗಳನ್ನ ಬಾಗಿಲ ಹೊರಗಿಟ್ರೆ ಅವರೇ ಇಳಿಸ್ತಾರೆ. ಹೊರಗಿಡೋ ಮುಂಚೆ ಬೆಳಗ್ಗೆ ಹಾಕೋ ಬಟ್ಟೆ, ಮಾತ್ರೆ, ಪಾಸ್‌ಪೋರ್ಟ್ ತೆಗೆದಿಟ್ಟಿದ್ದೀರಾ ಅಂತ ಪ್ರತಿ ರೂಮಿಗೂ ಹೋಗಿ ಕೇಳಿ. ಅಪ್ಪ ಪ್ಯಾಂಟೆಲ್ಲ ಮಡಚಿ ನೀಟಾಗಿ ಪೆಟ್ಟಿಗೆಯಲ್ಲಿಟ್ಟು ಕಳಿಸಿದ್ರು, ಬೆಳಗ್ಗೆ ಪಂಚೆ ಉಟ್ಕೊಂಡೇ ಇಮಿಗ್ರೇಶನ್ ಮುಂದೆ ನಿಂತ್ರು, ಆಫೀಸರ್ ಏನೂ ಕೇಳ್ಲಿಲ್ಲ. ಬಫೆಯಿಂದ ಬ್ಯಾಗಿಗೆ ಹಾಕ್ಕೊಂಡ ಸೇಬು, ಬಾಳೆಹಣ್ಣು ಹಡಗಲ್ಲೇ ತಿಂದು ಮುಗ್ಸಿ, ಹಣ್ಣು ಇಳಿಸೋ ಹಾಗಿಲ್ಲ, ಕೆಳಗೆ ನಾಯಿ ಮೂಸತ್ತೆ. ವಿಮಾನ ಮಧ್ಯಾಹ್ನ 12ರ ಮೇಲಿಂದೇ ಇರ್ಲಿ.

ಮನೆಗೆ ಬಂದ ಎರಡು ಮೂರು ದಿನದಲ್ಲಿ ಎಲ್ರ ಐ-94 ಮತ್ತೆ ಆನ್‌ಲೈನ್‌ನಲ್ಲಿ ತೆಗೆದು ನೋಡಿ, ತಾರೀಖು ಸರಿಯಿದ್ಯಾ, ವೀಸಾ ವರ್ಗ ಸರಿಯಿದ್ಯಾ ಅಂತ, ಪ್ರಿಂಟ್ ಇಟ್ಕೊಳ್ಳಿ. ಮತ್ತೆ ಖರ್ಚು ಹಂಚೋ ಆ್ಯಪ್ ಸ್ಪ್ಲಿಟ್‌ವೈಸ್ ಲೆಕ್ಕವನ್ನ ಅದೇ ವಾರ ಚುಕ್ತಾ ಮಾಡಿ, ನಮ್ಮ ಗುಂಪಲ್ಲಿ ಇನ್ನೂ ಒಬ್ರು 46 ಡಾಲರ್ ಕೊಡೋದಿದೆ, ಯಾರು ಅಂತ ಅವರಿಗೆ ಗೊತ್ತು.